ಬಸಪ್ಪನಿಗೆ ಹದಿನೈದು ದಿನ ರಜೆ

ನನ್ನ ಮಗಳು ಗಾನವಿಗೆ ದನದ ಡಾಕ್ಟರಿಕೆ ಓದಲು ಬೀದರಿನಲ್ಲಿ ಸೀಟು ಸಿಕ್ಕಿತು. ಫೋನಿನಲ್ಲಿ ಒಪ್ಪಿಗೆ ಒತ್ತಲು ಭಾನುವಾರ ಸಂಜೆಯೇ ಕೊನೆ. ನಂಜನಗೂಡಿನ ನಮ್ಮ ಮನೆಯಲ್ಲಿ ಎಲ್ಲರೂ ಹೂಂ ಅಂದಿದ್ದೆವು. ಎಲ್ಲರೂ ಅಂದರೆ ನಾನು ಮತ್ತು ಅವಳು. ನನ್ನ ಗಂಡ ನಂಜುಂಡೇಶ್, "ಅಪ್ಪ ಹೂಂ ಅಂದ್ರೆ ನಂದೂ ಹೂಂ" ಎಂದು ಟಿಫನ್ ಡಬ್ಬಿ ತಗೊಂಡು ಫ್ಯಾಕ್ಟರಿಗೆ ಹೋಗಿಬಿಟ್ಟರು.

ಅವರ ಅಪ್ಪ, ನನ್ನ ಮಾವ ದೊಡ್ಡಸಿದ್ದಯ್ಯನವರು ಇರುವುದು ತಿ. ನರಸೀಪುರದ ಆಚೆ, ಮುಡುಕುತೊರೆ ದಾರಿಯ ಹಳ್ಳಿಯಲ್ಲಿ. ಫೋನ್ ಮಾಡಿದೆ.

"ಬೀದರ್ ಎಲ್ಲೈತವ್ವ?"

"ಕರ್ನಾಟಕದ ಆ ತುದಿ, ಮಾವ."

"ಯಾಕೆ, ಈ ತುದೀಲಿ ದನ ಇಲ್ವಾ?"

ಸೀಟು ಸಿಕ್ಕಿರುವುದೇ ಅಲ್ಲಿ ಎಂದೆ. ಅವರು, "ಬಸಪ್ಪನ್ನ ಕೇಳಾನ. ಕೂಸ್ನ ಕರ್ಕೊಂಡ್ ಬಾ" ಅಂದರು.

ಬಸಪ್ಪ ಅಂದರೆ ಆ ಊರಿನ ಗುಡಿಗೆ ಬಿಟ್ಟಿರುವ ಹೋರಿ. ಏನಾದರೂ ಕೇಳಬೇಕಾದವರು ಸ್ನಾನ ಮಾಡಿ ಬಂದು, ಗುಡಿ ಮುಂದೆ ಕೂತು, ಬಲಗೈಯನ್ನು ನೆಲದ ಮೇಲೆ ಅಂಗಾತ ಇಡುತ್ತಾರೆ. ಬಸಪ್ಪ ಬಂದು ಅಂಗೈ ಮೇಲೆ ಬಲಗಾಲನ್ನು ಹೂವಿಟ್ಟಂತೆ ಇಟ್ಟರೆ ಒಪ್ಪಿಗೆ. ಪಕ್ಕಕ್ಕೆ ತಿರುಗಿದರೆ ಇಲ್ಲ. ಸಂಬಂಧ ಕೂಡಿಸುವುದು, ಬೋರ್‌ವೆಲ್ ಕೊರೆಸುವುದು, ಎಲ್ಲಕ್ಕೂ ಅವನೇ. ನನ್ನ ಮದುವೆಗೂ ಅವನಿಗಿಂತ ಹಿಂದಿನ ಬಸಪ್ಪ ಕಾಲು ಕೊಟ್ಟಿದ್ದನಂತೆ. ಅವನ ಮೇಲೆ ನನ್ನದೇನೂ ದೂರಿಲ್ಲ.

"ದನದ ಡಾಕ್ಟರ್ ಆಗೋಕೆ ದನದ ಪರ್ಮಿಷನ್ನು" ಎಂದಳು ಗಾನವಿ, ಬಸ್ಸಿನಲ್ಲಿ. "ಇಷ್ಟು ನ್ಯಾಯವಾದ ಎಂಟ್ರೆನ್ಸ್ ಪರೀಕ್ಷೆ ಇನ್ನೊಂದಿಲ್ಲ ಬಿಡಮ್ಮ." ನಗುತ್ತಿದ್ದಳು. ಆದರೆ ಫೋನ್ ತೆಗೆದು ಸೀಟಿನ ಕಾಗದವನ್ನು ಎರಡು ನಿಮಿಷಕ್ಕೊಮ್ಮೆ ನೋಡಿಕೊಳ್ಳುತ್ತಿದ್ದಳು.

ಶನಿವಾರ ಸಂಜೆ ಊಟಕ್ಕೆ ಕೂತಾಗ ತಾತನನ್ನು ಕೆಣಕಿದಳು.

"ತಾತ, ಹಿಂದೆ ರೋಮ್ ದೇಶದಲ್ಲಿ ಯುದ್ಧಕ್ಕೆ ಹೊರಡೋ ಮುಂಚೆ ಕೋಳಿಗೆ ಕಾಳು ಹಾಕ್ತಿದ್ರಂತೆ. ತಿಂದ್ರೆ ಯುದ್ಧ, ತಿನ್ನದಿದ್ರೆ ಇಲ್ಲ."

"ಕೋಳಿ ಮಾತು ಕೇಳ್ಕೊಂಡಾ?" ಮಾವ ಮುದ್ದೆ ಮುರಿದರು. "ಅದಕ್ಕೇ ಆ ರಾಜ್ಯ ಉಳೀಲಿಲ್ಲ."

"ಚೀನಾದಲ್ಲಿ ಎತ್ತಿನ ಮೂಳೆ ಕಾಯಿಸಿ, ಬಿರುಕು ಬಿಟ್ಟಿದ್ದು ನೋಡಿ ಶಾಸ್ತ್ರ ಹೇಳ್ತಿದ್ರು."

"ಸತ್ತ ಎತ್ತಿಗೆ ಏನ್ ಗೊತ್ತಾದದು ಮಗ? ಬದುಕಿರೋದನ್ನ ಕೇಳ್ಬೇಕು."

ಅತ್ತೆ ಸಿದ್ದಲಿಂಗಮ್ಮ ಸಾರು ಬಡಿಸುತ್ತ, "ಮನೇಲಿ ನಾನೂ ಬದುಕೇ ಇವ್ನಿ. ಯಾರೂ ಕೇಳ್ನಿಲ್ಲ" ಎಂದರು.

ಭಾನುವಾರ ಬೆಳಿಗ್ಗೆ ಮುಸುರೆ ತಿಕ್ಕಿ, ಅಂಗಳ ಸಾರಿಸಿ, ಸೊಪ್ಪು ತರುತ್ತೇನೆಂದು ಹೇಳಿ ಗುಡಿಯ ಕಡೆ ನಡೆದೆ. ಸೆರಗಿನ ಗಂಟಿನಲ್ಲಿ ಒಂದು ಅಚ್ಚು ಬೆಲ್ಲ ಇತ್ತು. ದೇವರ ಮನಸ್ಸು ತಿರುಗಿಸುವ ಉದ್ದೇಶ ನನಗಿರಲಿಲ್ಲ. ಹೋರಿಯ ಪರಿಚಯ ಮಾಡಿಕೊಂಡಿರೋಣ ಅಂತ ಅಷ್ಟೇ.

ಗುಡಿ ಪಕ್ಕದ ಬಸಪ್ಪನ ಕೊಟ್ಟಿಗೆಯಿಂದ ನನ್ನ ಮಾವ ಹೊರಗೆ ಬರುತ್ತಿದ್ದರು. ಕೈಯಲ್ಲಿ ಬಾಳೆಹಣ್ಣಿನ ಬರೀ ಗೊನೆದಿಂಡು.

"ಡೈರಿಗೆ ಬಂದಿದ್ದೆ" ಎಂದರು.

"ನಾನು ಸೊಪ್ಪಿಗೆ, ಮಾವ."

ಡೈರಿ ಊರಿನ ಇನ್ನೊಂದು ಕೊನೆಗಿದೆ. ಗುಡಿ ಹತ್ತಿರ ಸೊಪ್ಪೂ ಬೆಳೆಯುವುದಿಲ್ಲ. ಇಬ್ಬರೂ ಗೌರವದಿಂದ ದಾರಿ ಬಿಟ್ಟುಕೊಂಡೆವು.

ಒಳಗೆ ಬಸಪ್ಪನನ್ನು ನೋಡಿಕೊಳ್ಳುವ ದೇವಯ್ಯ ಕೂತಿದ್ದ. ನನ್ನ ಸೆರಗಿನ ಗಂಟು ನೋಡಿ ಒಂದು ನಿಟ್ಟುಸಿರು ಬಿಟ್ಟ. "ಬೆಲ್ಲವಾ? ನಿಮ್ಮತ್ತೆ ಕೋಳಿ ಕೂಗೋಕೆ ಮುಂಚೆ ಬಂದು ಎರಡು ಸೇರು ನೆನೆಸಿದ ಕಡ್ಲೆ ತಿನ್ಸವ್ರೆ. ಕೂಸು ಓಗ್ಲಿ ಅಂತ. ನಿಮ್ಮಾವ ಓಗೋದು ಬ್ಯಾಡ ಅಂತ ಒಂದ್ ಗೊನೆ. ಬಸಪ್ಪ ಇಬ್ರದೂ ಸ್ವೀಕಾರ ಮಾಡವ್ನೆ. ಕೊಡಿ, ನಿಮ್ದೂ ಆಗೋಗ್ಲಿ."

ಬಸಪ್ಪ ನನ್ನ ಬೆಲ್ಲವನ್ನೂ ತಿಂದ. ಯಾರ ಪಕ್ಷ ಎಂದು ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಹತ್ತು ಗಂಟೆಗೆ ಗುಡಿ ಮುಂದೆ ಮೂವತ್ತು ಜನ ಸೇರಿದರು. ಕೊಂಬಿಗೆ ಹಿತ್ತಾಳೆ ತೊಡಿಸಿ, ಬೆನ್ನಿಗೆ ಕೆಂಪು ರೇಷ್ಮೆ ಹೊದಿಸಿ ಬಸಪ್ಪನನ್ನು ಕರೆತಂದರು. ಗಾನವಿ ಕೂತು ಅಂಗೈ ಇಟ್ಟಳು. ದೇವಯ್ಯ ಹೋರಿಯ ಕಿವಿಯಲ್ಲಿ ವಿಷಯ ಹೇಳಿದ. ಬಸಪ್ಪ ನಾಲ್ಕು ಹೆಜ್ಜೆ ಬಂದ, ಅಂಗೈ ಮೂಸಿದ, ನಿಧಾನವಾಗಿ ಪಕ್ಕಕ್ಕೆ ತಿರುಗಿ ನಿಂತ.

"ನಾನೇನ್ ಮಾಡ್ಲಿ ಮಗ" ಎಂದರು ಮಾವ. ದುಃಖದ ಮುಖ ಮಾಡಲು ತುಂಬಾ ಪ್ರಯತ್ನ ಪಡುತ್ತಿದ್ದರು. "ಅವ್ನೇ ಬ್ಯಾಡ ಅಂದ."

ನನ್ನ ಕಣ್ಣು ತುಂಬಿತು. ಮಗಳನ್ನು ಎಬ್ಬಿಸೋಣ ಎಂದು ಹೋದರೆ ಅವಳು ಅಳುತ್ತಿರಲಿಲ್ಲ. ಕೆನ್ನೆಯನ್ನು ನೆಲಕ್ಕೆ ತಾಗಿಸುವಷ್ಟು ಬಗ್ಗಿ ಹೋರಿಯ ಕಾಲು ನೋಡುತ್ತಿದ್ದಳು.

"ದೇವಯ್ಯಣ್ಣ, ಇವ್ನು ಯಾವಾಗಿಂದ ಹಿಂಗೆ ಬಲಗಾಲಿಗೆ ಭಾರ ಬಿಡದೆ ನಿಲ್ತಾನೆ?"

"ಎರಡು ತಿಂಗಳಿಂದ ಗಂಭೀರವಾಗವ್ನೆ" ಎಂದ ದೇವಯ್ಯ. "ನಡಿಗೇನೂ ನಿಧಾನ. ದೇವರ ಸತ್ಯ ಜಾಸ್ತಿ ಆಗೈತೆ ಅಂದ್ಕೊಂಡೆ."

"ಎರಡು ತಿಂಗಳಲ್ಲಿ ಯಾರಿಗಾದ್ರೂ ಪಾದ ಕೊಟ್ಟವ್ನಾ?"

ಸೇರಿದ್ದವರು ಒಬ್ಬೊಬ್ಬರಾಗಿ ನೆನಪು ಮಾಡಿಕೊಂಡರು. ಊರಿನ ಹುಡುಗ ನಿಂಗರಾಜುವಿಗೆ ಕವಲಂದೆಯ ಹೆಣ್ಣಿನ ಸಂಬಂಧ ಬೇಡ ಅಂದಿದ್ದ. ಹಾಲಿನ ಸಂಘದ ಕಟ್ಟಡಕ್ಕೆ ನೋಡಿದ ಮೂರು ಜಾಗವನ್ನೂ ಬೇಡ ಅಂದಿದ್ದ. ನನ್ನ ಮಾವ ಗುಡಿ ಕಮಿಟಿಗೆ ಅಧ್ಯಕ್ಷನಾಗಲಾ ಎಂದು ಕೇಳಿದಾಗಲೂ ಮುಖ ತಿರುಗಿಸಿದ್ದ. ಈ ಕೊನೆಯದನ್ನು ಮಾವ ನಮಗೆ ಹೇಳಿಯೇ ಇರಲಿಲ್ಲ. ಅತ್ತೆಗೂ ಆಗಲೇ ಗೊತ್ತಾಗಿದ್ದು. ಅವರು ಗಂಡನ ಕಡೆ ನೋಡಿದ ನೋಟವನ್ನು ನಾನು ಬರೆಯುವುದಿಲ್ಲ.

ಗಾನವಿ ಹೋರಿಯ ಭುಜಕ್ಕೆ ಭುಜ ಒರಗಿಸಿ, ಅವನ ಬಲಗಾಲನ್ನು ಮಡಿಸಿ ತನ್ನ ಮಂಡಿಯ ಮೇಲೆ ಇಟ್ಟುಕೊಂಡಳು. ರಜೆಗೆ ಬಂದಾಗಲೆಲ್ಲ ಅಜ್ಜಿಯ ಹಸುಗಳ ಜೊತೆಗೇ ಬೆಳೆದವಳು. ಎರಡು ಗೊರಸಿನ ಸಂದಿಯಲ್ಲಿ ಜಾಲಿ ಮುಳ್ಳು ಮುರಿದು ಒಳಗೇ ಉಳಿದು ಕೀವು ತುಂಬಿತ್ತು.

"ದಿನಾ ನೂರು ಜನ ಈ ಪಾದ ಮುಟ್ತೀರಲ್ಲ" ಎಂದಳು. "ಯಾರೂ ತಿರುಗಿಸಿ ನೋಡ್ಲಿಲ್ವಾ?"

"ಕಣ್ಮುಚ್ಕೊಂಡು ಮುಟ್ತೀವಲ್ಲವ್ವ" ಎಂದ ದೇವಯ್ಯ. ಮುಳ್ಳು ತೆಗೆಯುವ ಚಿಮಟ ಅವನ ಉಡಿದಾರದಲ್ಲೇ ನೇತಾಡುತ್ತಿತ್ತು. ತಲೆ ತಗ್ಗಿಸಿ ಬಿಚ್ಚಿಕೊಟ್ಟ.

ಮುಳ್ಳು ಬರಲು ಕಾಲು ಗಂಟೆ ಹಿಡಿಯಿತು. ಬಸಪ್ಪ ಒಮ್ಮೆ ಹೂಂಕರಿಸಿದ್ದು ಬಿಟ್ಟರೆ ಕಾಲು ಎಳೆದುಕೊಳ್ಳಲಿಲ್ಲ. ಬಿಸಿನೀರು, ಅರಿಸಿನ ನಾನು ತಂದೆ. ತೊಳೆದು ಬಟ್ಟೆ ಕಟ್ಟಿ ಅವಳು ಎದ್ದಾಗ ನನ್ನ ಮಾವ ಆಗಲೇ ಹೆಗಲಿನ ಟವಲ್ ತೆಗೆದು, ಅವಳು ಕೂತಿದ್ದ ಜಾಗದಲ್ಲಿ ಕೂತು ಅಂಗೈ ಇಟ್ಟಿದ್ದರು.

"ಏನ್ ತಾತ?"

"ಆವಾಗ ಬ್ಯಾಡ ಅಂದಿದ್ದು ಮುಳ್ಳು ತಾನೆ? ಇನ್ನೊಂದ್ ಸಲ ಕೇಳ್ತೀನಿ. ಕಮಿಟಿ ವಿಷ್ಯ."

ಅವರ ಹಿಂದೆ ನಿಂಗರಾಜು ನಿಂತಿದ್ದ. ಅವನ ಹಿಂದೆ ಹಾಲಿನ ಸಂಘದವರು.

"ಯಾರೂ ಕೇಳೋ ಹಾಗಿಲ್ಲ" ಎಂದಳು ಗಾನವಿ. "ಗಾಯ ಮಾಯೋ ತನಕ ಕಾಲು ಎತ್ತಿಸಬಾರದು. ಪಶು ಆಸ್ಪತ್ರೆ ಡಾಕ್ಟರ್ ಬಂದು ಇಂಜೆಕ್ಷನ್ ಕೊಡ್ಲಿ. ಬಸಪ್ಪನಿಗೆ ಹದಿನೈದು ದಿನ ರಜೆ."

"ಅಲ್ಲೀಗಂಟ ನಾವೇನ್ ಮಾಡಾದು?" ಎಂದ ನಿಂಗರಾಜು.

"ನೀವೇ ಯೋಚ್ನೆ ಮಾಡಿ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಥದ್ದೊಂದು ದಾರಿ ಇದೆ ಎಂಬುದೇ ಅವರಿಗೆ ಹಿಡಿಸಿದಂತೆ ಕಾಣಲಿಲ್ಲ.

ಮಾವ ಕೂತೇ ಇದ್ದರು. "ಹಂಗಾದ್ರೆ ನಿಂದೂ ಹದಿನೈದು ದಿನ ಬಿಟ್ಟು ಕೇಳಾನ."

"ಇವತ್ತು ಸಂಜೆ ಕೊನೆ, ಮಾವ" ಎಂದೆ ನಾನು.

ಅತ್ತೆ ಆಗ ಬಾಯಿ ಬಿಟ್ಟರು. "ಕೇಳೋದೇನೈತೆ? ಕಾಲು ಗಂಟೆ ಪಾದ ಕೂಸಿನ ಕೈಲಿ ಇತ್ತು. ಈ ಊರಲ್ಲಿ ಅಷ್ಟೊತ್ತು ಯಾರಿಗೆ ಕೊಟ್ಟವ್ನೆ?"

"ಅದು ವೈದ್ಯಕ್ಕೆ ಕೊಟ್ಟಿದ್ದು ಕಣೆ."

"ಅವ್ಳು ಓಗ್ತಿರೋದು ಇನ್ಯಾವುದಕ್ಕೆ?"

ಮಾವ ಬಸಪ್ಪನ ಕಡೆ ನೋಡಿದರು. ಅವನು ಮೆಲುಕು ಹಾಕುತ್ತಿದ್ದ, ತನಗೂ ಇದಕ್ಕೂ ಏನೂ ಇಲ್ಲ ಎಂಬಂತೆ. ಮೂವತ್ತು ಜನರೂ ಈಗ ಮಾವನನ್ನೇ ನೋಡುತ್ತಿದ್ದರು.

"ಅಷ್ಟು ದೂರದಲ್ಲಿ ನಿಂಗೆ ಯಾರವ್ರೆ ಮಗ?" ಎಂದರು ಕೊನೆಗೆ. ಧ್ವನಿ ಸಣ್ಣದಾಗಿತ್ತು. ಅವರಿಗೆ ಕೇಳಬೇಕಾಗಿದ್ದದ್ದು ಇದೊಂದೇ ಎಂದು ನನಗೆ ಆಗ ಅರ್ಥವಾಯಿತು.

"ದನ ಇದಾವಲ್ಲ ತಾತ. ತಿಂಗಳಿಗೊಂದು ಸಲ ಬತ್ತೀನಿ. ಬಂದು ಇವನ ಕಾಲು ನೋಡ್ತೀನಿ, ನಿಮ್ಮ ಮಂಡಿ ನೋವೂ ನೋಡ್ತೀನಿ."

"ನಂದು ದನದ ಡಾಕ್ಟರ್ ನೋಡೋ ಮಂಡಿಯಾ?"

"ಓದ್ಕೊಂಡು ಬಂದು ಹೇಳ್ತೀನಿ."

ಮಾವ ನಗಬಾರದೆಂದು ಮೀಸೆ ಒರೆಸಿಕೊಂಡರು. "ಒತ್ತು, ಅದೇನ್ ಒತ್ಬೇಕೋ."

ಗಾನವಿಯ ಎರಡೂ ಕೈಗೆ ಕೀವು, ಅರಿಸಿನ. ನಾನು ಫೋನ್ ತೆಗೆದು ಸೀಟಿನ ಪುಟ ತೆರೆದು ಹಿಡಿದೆ. "ನನ್ನ ಕೈ ಗಲೀಜು" ಎಂದಳು ಅವಳು. "ತಾತ, ನೀವೇ ಒತ್ತಿ."

ಮಾವ ಬೆರಳನ್ನು ಪಂಚೆಗೆ ಒರೆಸಿಕೊಂಡು, ಒಪ್ಪಿಗೆ ಎಂದಿದ್ದ ಜಾಗದ ಮೇಲೆ ಇಟ್ಟರು. ನೇಗಿಲು ಹಿಡಿದು ಜಡ್ಡುಗಟ್ಟಿದ ಬೆರಳು, ಫೋನಿಗೆ ಗೊತ್ತಾಗಲಿಲ್ಲ. ಇನ್ನೊಮ್ಮೆ ಒತ್ತಿದರು. ಆಗಲೂ ಇಲ್ಲ.

"ಬ್ಯಾಡ ಅಂತೈತೆ ಕಣ್ಲಾ" ಎಂದು ಹಿಂದಿನಿಂದ ಯಾರೋ ಹೇಳಿದರು.

"ಸುಮ್ಕಿರ್ಲಾ" ಎಂದ ಮಾವ ಬೆರಳಿಗೆ ಎಂಜಲು ಹಚ್ಚಿಕೊಂಡು, ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, ಅದು ಹೂಂ ಅನ್ನುವವರೆಗೂ ಒತ್ತಿದರು.