ತಿರುಗದ ತಟ್ಟೆ

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಗೌರಾಬಾಯಿಯವರಿಗೆ ಮೈಲಾರಲಿಂಗನ ಮದುವೆಯ ಹಾಡು ಪೂರ್ತಿ ಬಾಯಿಪಾಠ. ಅದು ಯಾವ ಪುಸ್ತಕದಲ್ಲೂ ಇಲ್ಲ. ಅವರಿಗೆ ಅವರ ಅವ್ವನಿಂದ ಬಂದದ್ದು, ಅವ್ವನಿಗೆ ಅವಳ ಅತ್ತೆಯಿಂದ. ಅದೇ ದೇವರ ಗುಡಿಯಿರುವ ಜೇಜುರಿಗೆ ಹೋಗುವ ಬಸ್ಸಿನಲ್ಲಿ ಅವರು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದರೆ ನಾನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂಡುತ್ತಿದ್ದೆ. ನನಗೆ ಹಾಡಲು ಬರುವುದಿಲ್ಲ, ಕೇಳಲು ಬರುತ್ತದೆ. ಸಣ್ಣಂದಿನಿಂದ ಪುರಾಣ ಓದುವವರ ಎದುರು ಕೂತು ಬೆಳೆದವನು ನಾನು. ದೇವರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಕಿವಿಯಿಂದ ಬಂದದ್ದು.

೨೦೦೯ರ ಚಳಿಗಾಲದಲ್ಲಿ ವೈನಿಯವರ ಗಂಟಲಲ್ಲಿ ಒಂದು ಗಂಟು ಕಾಣಿಸಿತು. ಆಪರೇಷನ್ ಆಗಲೇಬೇಕು, ಆದ ಮೇಲೆ ದನಿ ಮೊದಲಿನಂತೆ ಇದ್ದೀತೆಂದು ಹೇಳಲಾಗದು ಎಂದರು ಡಾಕ್ಟರು. ನಮ್ಮ ಮನೆಯಿದ್ದ ಖಡಕಿಗೆ ಮರಳುವ ರಿಕ್ಷಾದಲ್ಲಿ ವೈನಿ ಕೇಳಿದ್ದು ಒಂದೇ ಮಾತು.

"ಹಾಡಿಗೆ ಏನ ಮಾಡೂದು?"

ಅವರ ಮಗಳು ಶೀತಲ್ ಭೋಸರಿಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ತೆಗೆಯುವವಳು. "ನನ್ನ ಲ್ಯಾಪ್‌ಟಾಪಿನ್ಯಾಗ ರೆಕಾರ್ಡ್ ಮಾಡೋಣ ತಗೋ ಅವ್ವಾ" ಎಂದಳು.

ಮಾಡಿದೆವು. ಆದರೆ ತಿರುಗಿ ಹಚ್ಚಿದರೆ ವೈನಿಯವರ ದನಿಯ ಅಡಿಯಲ್ಲಿ ಗುಂಯ್ ಎನ್ನುವ ಸದ್ದು, ನಡುನಡುವೆ ಕಟಕಟ. ಬೇರೆ ಮೈಕು ತಂದು ದೂರ ಇಟ್ಟರೂ ಬಿಡಲಿಲ್ಲ. ವೈನಿಯವರ ದನಿ ಅಷ್ಟು ಮೆಲ್ಲಗಾಗಿತ್ತು, ನಮ್ಮ ಕೋಣೆ ಅಷ್ಟು ಚಿಕ್ಕದು.

"ಹಾರ್ಡ್ ಡಿಸ್ಕ್ ಸದ್ದ ಕಾಕಾ ಇದು" ಎಂದಳು ಶೀತಲ್. "ಈಗ ಎಸ್‌ಎಸ್‌ಡಿ ಅಂತ ಹೊಸಾದು ಬಂದದ. ಅದು ಉಸುರೂ ಬಿಡೂದಿಲ್ಲ."

ಆಗಿನ್ನೂ ಅದು ಅಪರೂಪದ ವಸ್ತು. ಬುಧವಾರ ಪೇಠೆಯ ಅಂಗಡಿಕಾರ ಅವಧೂತ ಮುಂಬಯಿಯಿಂದ ತರಿಸಿಕೊಟ್ಟ. 'ಮಂದಿ ಇದನ್ನು ವೇಗಕ್ಕಾಗಿ ಕೊಳ್ಳುತ್ತಾರೆ, ನೀವು ಶಾಂತಿಗಾಗಿ ಕೊಳ್ಳುತ್ತಿದ್ದೀರಿ' ಎಂದು ಮರಾಠಿಯಲ್ಲಿ ಚೇಷ್ಟೆ ಮಾಡಿದನಂತೆ.

ಆಪರೇಷನ್ನಿನ ಹಿಂದಿನ ಭಾನುವಾರ ಶೀತಲ್ ಚಾಪೆ ಹಾಸಿ ಕೂತಳು. ಹೊಸದನ್ನು ಡಬ್ಬಿಯೊಂದರಲ್ಲಿಟ್ಟು, ವೈರು ಜೋಡಿಸಿ, ಹಳೆಯದರಲ್ಲಿದ್ದುದನ್ನೆಲ್ಲ ಮೊದಲೇ ಅದಕ್ಕೆ ಇಳಿಸಿದ್ದಳು. ಈಗ ಲ್ಯಾಪ್‌ಟಾಪನ್ನು ಮಗುಚಿ ಬ್ಯಾಟರಿ ತೆಗೆದಳು. ಎದ್ದು ಹೋಗಿ ಬಚ್ಚಲಿನ ಹಿತ್ತಾಳೆ ನಳ ಮುಟ್ಟಿ ಬಂದಳು.

"ಅದೇನ, ನಮಸ್ಕಾರನ?" ವೈನಿ ಕೇಳಿದರು.

"ಮೈಯಾಗಿನ ಕರೆಂಟ್ ಇಳಿದು ಹೋಗ್ಲಿ ಅಂತ."

"ಎಲ್ಲಾ ನಮಸ್ಕಾರನೂ ಅದಕ್ಕs ಮಾಡೂದು."

ಶೀತಲ್ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಕುಂಕುಮದ ಬಟ್ಟಲಿನ ಮುಚ್ಚಳದಲ್ಲಿಟ್ಟಳು. ಹಳೆಯ ಡಿಸ್ಕನ್ನು ಎಳೆದು ತೆಗೆದು, ಹೊಸದನ್ನು ಅದೇ ಗೂಡಿನಲ್ಲಿ ಸರಿಸಿದಳು. ಒತ್ತಲಿಲ್ಲ, ಗುದ್ದಲಿಲ್ಲ; ಅದು ತಾನೇ ಹೋಗಿ ಕೂತಂತಿತ್ತು. ಬಟನ್ ಒತ್ತಿದಾಗ ಪರದೆ ಬೆಳಗಿತು. ಕಿವಿ ಹತ್ತಿರ ಇಟ್ಟೆ. ಚಳಿಗೆ ಒಳಗಿನ ಫ್ಯಾನೂ ಸುಮ್ಮನಿತ್ತು. ಅಂಥ ನಿಶ್ಶಬ್ದವನ್ನು ನಾನು ಗುಡಿಯ ಗರ್ಭಗೃಹದಲ್ಲಿ ಮಾತ್ರ ಕೇಳಿದ್ದೆ.

ಅಣ್ಣ ಹೊಳಬಸಪ್ಪ ಟಿವಿ ಆರಿಸಿ, ಹಾರ್ನ್ ಹೊಡೆಯುವವರಿಗೆ ಕೈಮುಗಿಯಲೆಂದು ಕೆಳಗೆ ಗೇಟಿನ ಬಳಿ ನಿಂತ. ವೈನಿ ಗೋಡೆಗೆ ಒರಗಿ ಕೂತು ಹಾಡು ಎತ್ತಿದರು.

ಎರಡು ಸಾಲು ಬಂತು, ನಿಂತಿತು. ಮತ್ತೆ ಎತ್ತಿದರು. ದನಿ ಒಮ್ಮೆ ಮೇಲೆ ಹೋಯಿತು, ಒಮ್ಮೆ ಕೆಳಗೆ ಬಿತ್ತು. ಮುಂದಿನ ಸಾಲೇ ನೆನಪಾಗಲಿಲ್ಲ. ಶೀತಲ್ ಮುಖ ಬಿಳಿಚಿತು. ಗಂಟು ಈಗಾಗಲೇ ದನಿಯನ್ನು ತಿಂದುಬಿಟ್ಟಿತೇ ಎಂದು ನನಗೂ ಹೆದರಿಕೆಯಾಯಿತು.

"ನೀರ ಕುಡೀರಿ ವೈನಿ" ಎಂದೆ.

"ನೀರಲ್ಲೋ ಪ್ರಭು." ಅವರು ಲ್ಯಾಪ್‌ಟಾಪನ್ನೇ ನೋಡುತ್ತಿದ್ದರು. "ಶೀತಲ್, ಆ ಹಳೇದರಾಗ ಏನರೆ ತಿರಗತಿತ್ತೇನ?"

"ಹೌದು. ತಟ್ಟೆ ಇರತದ, ಗರಗರ ತಿರಗತಿರತದ."

"ಮತ್ತ ಇದರಾಗ?"

"ಏನೂ ತಿರಗೂದಿಲ್ಲ."

"ಅದಕ್ಕs ನೋಡು. ಇದು ಬೀಸೂಕಲ್ಲಿನ ಹಾಡು. ನಮ್ಮವ್ವ ಕಲ್ಲು ತಿರುವಿಕೋತ ಕಲಿಸಿದ್ಲು. ಕಲ್ಲು ನಿಂತ್ರ ಹಾಡೂ ನಿಲ್ತಿತ್ತು."

ಆಗ ನನಗೆ ಹೊಳೆಯಿತು. ವೈನಿಯವರ ಹಾಡನ್ನು ನಾನು ಇಷ್ಟು ವರ್ಷ ಕೇಳಿದ್ದೆಲ್ಲ ಬಸ್ಸು ಓಡುವಾಗ, ಇಲ್ಲವೆ ಅವರ ಹೊಲಿಗೆ ಮಷಿನ್ನು ನಡೆಯುವಾಗ. ಮೌನದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನಾವು ಕಸವೆಂದು ಕಿತ್ತು ತೆಗೆದ ಆ ಗುಂಯ್ ಸದ್ದಿಗೆ ಅವರು ಇಷ್ಟು ದಿನ ದನಿ ಕೂಡಿಸುತ್ತಿದ್ದರು.

ಶೀತಲ್ ಸ್ಕ್ರೂಡ್ರೈವರ್ ಎತ್ತಿಕೊಂಡಳು. "ಹಳೇದನ್ನs ವಾಪಸ್ ಹಾಕ್ತೀನಿ ಬಿಡು. ಸದ್ದಿದ್ರ ಇರ್ಲಿ, ಹಾಡರೆ ಉಳೀತದ."

"ಕೂಡs ಸುಮ್ಮ" ಎಂದರು ವೈನಿ. "ಇಷ್ಟು ಛಲೋ ಕೂಡಿಸಿ ಮತ್ತ ಬಿಚ್ಚತಾಳಂತ."

ಅವರು ಬಳೆಗಳನ್ನು ಮೊಳಕೈವರೆಗೆ ಏರಿಸಿ, ಸದ್ದಾಗದಂತೆ ಸೆರಗಿನಿಂದ ಬಿಗಿದು ಕಟ್ಟಿಕೊಂಡರು. ಒಂದು ಕಾಲು ಚಾಚಿ, ಇನ್ನೊಂದನ್ನು ಮಡಿಚಿ, ಚಾಪೆಯ ಮೇಲೆ ಎಡಗೈ ಊರಿದರು. ಬಲಗೈ ಮುಷ್ಟಿ ಹಿಡಿದು ಗಾಳಿಯಲ್ಲಿ ಸುತ್ತತೊಡಗಿದರು. ಮೊದಲು ಸುಮ್ಮನೆ ಸುತ್ತಿದರು. ನಡು ಮುಂದಕ್ಕೆ ಬಾಗಿತು, ಹಿಂದಕ್ಕೆ ಬಂತು. ಇಲ್ಲದ ಕಲ್ಲಿಗೆ ಅವರ ತೋಳು ಭಾರ ಕೊಡುವುದನ್ನು ಕಂಡೆ.

ಹಾಡು ಬಂತು. ಮೊದಲಿನ ರೆಕಾರ್ಡಿಗಿಂತ ತಗ್ಗಿನಲ್ಲಿ, ನೋಯುವ ಗಂಟಲಿಗೆ ಸಲ್ಲುವ ಎತ್ತರದಲ್ಲಿ. ಕೈ ಮುಂದೆ ಹೋದಾಗ ಸಾಲು ಏರಿತು, ಹಿಂದೆ ಬಂದಾಗ ಇಳಿಯಿತು. ಮೈಲಾರಲಿಂಗ ಕುದುರೆ ಏರಿದ, ಮದುಮಗಳು ಮಾಳವ್ವನಿಗೆ ಅರಿಸಿನ ಹಚ್ಚಿದರು, ಬೀಗರು ಜಗಳವಾಡಿದರು, ಅಕ್ಷತೆ ಬಿತ್ತು. ಒಂದು ಮಾತೂ ತಪ್ಪಲಿಲ್ಲ. ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ಆಗಲಿಲ್ಲ. ಅಂದು ಹಾಡನ್ನು ಮೊದಲ ಸಲ ಕಣ್ಣಿನಿಂದಲೂ ಕೇಳಿದೆ.

ಮುಗಿದ ಮೇಲೆ ಶೀತಲ್ ಅದನ್ನು ತಿರುಗಿ ಹಚ್ಚಿದಳು. ಕೋಣೆಯಲ್ಲಿ ವೈನಿಯವರ ದನಿಯೊಂದೇ ಇತ್ತು. ನನ್ನ ಕಣ್ಣು ತುಂಬಿತು. ಶೀತಲ್ ಮೂಗು ಒರೆಸಿಕೊಂಡಳು.

ವೈನಿ ತಲೆ ಓರೆ ಮಾಡಿ ಕೊನೆಯವರೆಗೆ ಕೇಳಿದರು.

"ಅರಿಸಿನ ಹಚ್ಚೂ ಕಡೆ ಉಸುರು ಹರಿದದ" ಎಂದರು. "ಅಳೂದು ಆಮ್ಯಾಲ ಅಳ್ರಿ. ಮತ್ತೊಮ್ಮೆ ಚಾಲೂ ಮಾಡs."