ಮೇಘನಾ ಇನ್ನೂ ನೀರಿನಲ್ಲೇ ಇದ್ದಾಳೆ

೧

"ಎಲ್ಲಿಗೆ ನಿಂತಿತ್ತು?"

ಕೇಳಿದವನು ಚೆಲುವಯ್ಯ. ಯಾರನ್ನು ಕೇಳಿದ ಎಂದರೆ, ಯಾರನ್ನೂ ಅಲ್ಲ. ನಂಜನಗೂಡಿನ ಆ ಬಾಡಿಗೆ ಮನೆಯಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನನ್ನು ಬಿಟ್ಟರೆ ಇದ್ದದ್ದು ಒಂದು ಹಳೇ ಕಂಪ್ಯೂಟರು, ಅದರ ಕಾವು ಇಳಿಸಲು ಪಕ್ಕಕ್ಕಿಟ್ಟ ಟೇಬಲ್ ಫ್ಯಾನು, ಅಷ್ಟೆ.

(ಕತೆಯನ್ನು ಪ್ರಶ್ನೆಯಿಂದ ಶುರು ಮಾಡುವುದು ಸವೆದ ಉಪಾಯ ಅಂತ ನನಗೂ ಗೊತ್ತು. ಮತ್ತೆ ಹೇಗೆ ಶುರು ಮಾಡಲಿ? ಇದು ನನ್ನ ಉಪಾಯವಲ್ಲ, ಅವರ ಮನೆಯ ಕ್ರಮ.)

ಚೆಲುವಯ್ಯನ ಅಪ್ಪ ರಾಚಯ್ಯ ಹೆಡತಲೆ ಎಂಬ ಊರಿನಲ್ಲಿ ಪದ್ಯ ಓದುತ್ತಿದ್ದವರು. ಪುಸ್ತಕಕ್ಕೆ ಕೈ ಮುಗಿದು "ಎಲ್ಲಿಗೆ ನಿಂತಿತ್ತು?" ಎನ್ನುವರು. ಕೇಳಲು ಕೂತವರು ಹೇಳಬೇಕು. ಹೇಳದೆ ಪುಸ್ತಕ ಬಿಚ್ಚುವಂತಿಲ್ಲ. ಇನ್ನೊಂದು ಕಟ್ಟುಪಾಡೂ ಇತ್ತು: ಓದನ್ನು ಕೆಟ್ಟ ಜಾಗದಲ್ಲಿ ನಿಲ್ಲಿಸಬಾರದು. ಯಾರೋ ಸಾಯುತ್ತಿದ್ದರೆ, ಯಾರೋ ಕಾಡಿಗೆ ಹೊರಟಿದ್ದರೆ, ನಿದ್ದೆ ಎಷ್ಟೇ ಎಳೆದರೂ ಒಂದು ಮದುವೆಯೋ ಮಗುವೋ ಬರುವ ತನಕ ಓದಬೇಕು.

ನಾನೂ ಅಂಥ ಓದು ಕೇಳಿ ಬೆಳೆದವನೇ. ಓದುವ ಗಂಟಲು ದೇವರು ಕೊಡಲಿಲ್ಲ. ಮೂಲೆಯಲ್ಲಿ ಕೂತು ಹೂಂಗುಟ್ಟುವುದು ಬರುತ್ತಿತ್ತು. ಈಗ ಆ ಕೆಲಸ ನಿಮ್ಮದು. ಹೂಂ ಅನ್ನುತ್ತಿರಿ. ನಿಲ್ಲಿಸಿದರೆ ನನಗೆ ಮುಂದಕ್ಕೆ ದಾರಿ ಕಾಣುವುದಿಲ್ಲ.

೨

ಚೆಲುವಯ್ಯ ಬಸ್‌ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಮತ್ತು ಜೆರಾಕ್ಸ್ ಸೆಂಟರ್ ಇಟ್ಟಿದ್ದ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಬಾಗಿಲು ಹಾಕಿ, ಮಾರಾಟವಾಗದೆ ಉಳಿದ ಒಂದು ಕಂಪ್ಯೂಟರನ್ನು ಮನೆಗೆ ತಂದ. ಅವನ ಅಕ್ಕ ವನಜಾಕ್ಷಿ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಮೊಬೈಲಿನಿಂದ ನೆಟ್ಟು ಕೊಟ್ಟು ಅದರಲ್ಲಿ ದಿನವೂ ಒಂದು ಧಾರಾವಾಹಿ ನೋಡುತ್ತಿದ್ದರು.

ಧಾರಾವಾಹಿಯವರಿಗೆ ರಾಚಯ್ಯನವರ ಕಟ್ಟು ಗೊತ್ತಿಲ್ಲವಲ್ಲ. ಪ್ರತಿ ಕಂತೂ ಕೆಟ್ಟ ಜಾಗದಲ್ಲೇ ಮುಗಿಯುತ್ತದೆ. ಅದಕ್ಕೆ ಅಕ್ಕತಮ್ಮ ಕಂತಿನ ನಡುವೆಯೇ ನಿಲ್ಲಿಸುತ್ತಿದ್ದರು. ನಾಯಕಿ ಮೇಘನಾ ನಕ್ಕಳೋ, ಒಂದು ತುತ್ತು ಉಂಡಳೋ, ವನಜಾಕ್ಷಿ ಕೈ ಎತ್ತುವಳು. "ಸಾಕು, ಇಲ್ಲಿಗೆ ನಿಲ್ಸು. ಆ ಹೆಣ್ಮಗ ಉಣ್ಲಿ."

೩

ವನಜಾಕ್ಷಿ ತೀರಿಹೋದ ಮೇಲೆ

(ಈ ಡ್ರಾಫ್ಟನ್ನು ಇಲ್ಲಿಗೇ ಬಿಟ್ಟೆ. ಅಕ್ಕ ಸತ್ತರೆ ಕತೆಗೆ ಅನುಕೂಲ, ಓದುಗರೂ ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಚೆಲುವಯ್ಯ ಪುಟದೊಳಗಿಂದ ತಲೆ ಎತ್ತಿದ.

"ಸಾ, ನಮ್ಮಕ್ಕ ನಿಮ್ಗೇನ್ ಮಾಡಿದ್ಲು?"

"ಕತೆಗೆ ಬೇಕಿತ್ತಪ್ಪ."

"ಕತೆ ಬೇಕಾದ್ರೆ ಸಾಯ್ಲಿ. ಅವ್ಳು ಚೆನ್ನಾಗವ್ಳೆ."

ಅದೇ ಅವನ ಕಷ್ಟ. ಅವಳು ಚೆನ್ನಾಗಿದ್ದಾಳೆ.)

೩, ಇನ್ನೊಂದು ಸಲ

ಐವತ್ತು ದಾಟಿದ ವನಜಾಕ್ಷಿಯನ್ನು ತಿ. ನರಸೀಪುರದ ಕೆಂಪಯ್ಯ ಮೆಚ್ಚಿ ಕೇಳಿದರು. ಹೆಂಡತಿಯನ್ನು ಕಳೆದುಕೊಂಡವರು, ಬಿತ್ತನೆ ಬೀಜದ ಅಂಗಡಿಯವರು, ಜೋರಾಗಿ ನಗುವವರು. ಮುಡುಕುತೊರೆಯ ದೇವಸ್ಥಾನದಲ್ಲಿ ಮದುವೆ. ಅವಳು ಹೊರಡುವ ಹಿಂದಿನ ಸಂಜೆ ಧಾರಾವಾಹಿ ಮುಗಿಸಿಬಿಡೋಣ ಎಂದು ಕೂತರು. ಮೇಘನಾ ಸೇತುವೆಯಿಂದ ನೀರಿಗೆ ಬಿದ್ದಳು. ಕಂತು ಮುಗಿಯಿತು. ಉಳಿದದ್ದು ಕೊನೆಯ ಕಂತು ಒಂದೇ. ಅದನ್ನು ಒತ್ತುವಾಗ ಕಂಪ್ಯೂಟರು ಹ್ಯಾಂಗಾಯಿತು. ತಟ್ಟಿದರು, ಫ್ಯಾನು ಹತ್ತಿರ ಎಳೆದರು, ದೇವರಿಗೆ ಹರಕೆಯನ್ನೂ ಹೊತ್ತರು. ಏಳಲಿಲ್ಲ.

"ಕೆಟ್ ಜಾಗದಲ್ಲಿ ನಿಂತೋಯ್ತಲ್ಲೋ," ಎಂದಳು ವನಜಾಕ್ಷಿ. "ಇರ್ಲಿ, ಒಬ್ನೇ ನೋಡ್ಬ್ಯಾಡ. ನಾ ಬತ್ತೀನಿ, ಕೂತ್ಕಂಡು ಮುಗ್ಸವ."

ಕಂಪ್ಯೂಟರು ಮರುದಿನವೇ ಎದ್ದಿತು. ಅಕ್ಕ ಬರಲಿಲ್ಲ. ಚೆಲುವಯ್ಯ ದಿನಾ ಸಂಜೆ ಅದನ್ನು ಹಚ್ಚಿ, ಕೈ ಮುಗಿದು, ಎಲ್ಲಿಗೆ ನಿಂತಿತ್ತು ಎಂದು ಕೇಳುತ್ತಾನೆ. ಎಲ್ಲಿಗೆ ನಿಂತಿದೆ ಎಂದು ಕಂಪ್ಯೂಟರಿಗೆ ಗೊತ್ತು, ಬಾಯಿಲ್ಲ. ಅವನು ಕಂತು ಒತ್ತದೆ ಅದನ್ನು ಆರಿಸುತ್ತಾನೆ. ಆ ಕಂತು ಉಳಿದಿರುವ ತನಕ ಅಕ್ಕ ಈ ಮನೆಗೆ ಬರಬೇಕಾದವಳು. ಮುಗಿದುಹೋದರೆ ಬಂದರೂ ಆಯಿತು, ಬಿಟ್ಟರೂ ಆಯಿತು.

೫

(ನಾಲ್ಕನೆಯದರಲ್ಲಿ ಕಂಪ್ಯೂಟರಿಗೆ ಬೆಂಕಿ ಬಿತ್ತು. ನನಗೇ ನಾಚಿಕೆಯಾಗಿ ತೆಗೆದೆ.)

ಒಳ್ಳೆಯ ಕೊನೆಯೊಂದು ನನ್ನ ಹತ್ತಿರ ಇತ್ತು. ಭಾನುವಾರ ವನಜಾಕ್ಷಿ ಒಂದು ಚೀಲ ಅವರೆಕಾಯಿ ಹಿಡಿದು ಬಸ್ಸಿಳಿಯುತ್ತಾಳೆ. ಚೆಲುವಯ್ಯನಿಗೂ ಒಪ್ಪಿಗೆಯಾಯಿತು. "ಅಂಗೇ ಬರೀರಿ ಸಾ," ಎಂದು ಮಣೆ ಒರೆಸಿಟ್ಟ. ಅವಳನ್ನು ಕರೆತರಲು ನಾನು ವಾಕ್ಯ ಹಿಡಿದುಕೊಂಡು ನರಸೀಪುರಕ್ಕೆ ಹೋದೆ. ಅವಳು ಗಂಡನ ಪಕ್ಕ ಕೂತು, ಅವರ ಮೊಬೈಲು ನೋಡುತ್ತಾ, ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅಂಥ ನಗುವಿನಿಂದ ಒಬ್ಬಳನ್ನು ಎಬ್ಬಿಸಿ ಬಸ್ಸು ಹತ್ತಿಸುವ ವಾಕ್ಯ ನನಗೆ ಬರೆಯಲಾಗಲಿಲ್ಲ.

ಬರಿಗೈಲಿ ವಾಪಸಾದೆ. ಇಲ್ಲಿ ಚೆಲುವಯ್ಯನ ಫೋನು ಬಡಿದುಕೊಳ್ಳುತ್ತಿತ್ತು. ಅದು ನಾನು ಬರೆದದ್ದಲ್ಲ.

"ಚೆಲ್ವಾ, ಉಂಡ್ಯಾ?"

"ಇನ್ನೂ ಇಲ್ಲ ಕಣಕ್ಕ. ಭಾನ್ವಾರ ಬತ್ತೀಯಾ?"

"ಅದ್ಕೇ ಫೋನ್ ಮಾಡ್ದೆ. ಬೈಬ್ಯಾಡ. ನಾನು ಕಡೇ ಕಂತು ನೋಡ್ಬುಟ್ಟೆ ಕಣೋ. ನಿಮ್ ಭಾವ ಮೊಬೈಲ್ನಲ್ಲಿ ಆಕ್ಕೊಟ್ರು. ಆ ಹೆಣ್ಮಗ ನೀರಲ್ಲೇ ಇದ್ದದ್ದು ಮನ್ಸು ತಡೀನಿಲ್ಲ. ಒಳ್ಳೆ ಜಾಗುಕ್ ತಂದು ನಿಲ್ಸಿವ್ನಿ."

ಫ್ಯಾನು ತಿರುಗಿತು. ಚೆಲುವಯ್ಯ ಅದನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದ.

"ಕ್ವಾಪ ಬಂತಾ?"

"ಇಲ್ಲ."

"ಕಂಪ್ಯೂಟ್ರು ಆಕಿದ್ದೀಯಾ?"

"ಊಂ."

"ಎಲ್ಲಿಗೆ ನಿಂತಿತ್ತು ಅಂತ ಕೇಳು."

ಅವನು ಕೇಳಲಿಲ್ಲ. ಅವಳೇ ಹೇಳಿದಳು, ಅಪ್ಪನಿಗೆ ಹೇಳುತ್ತಿದ್ದ ದನಿಯಲ್ಲೇ: "ಮೇಘನಾ ನೀರಿಗೆ ಬಿದ್ದಿದ್ಲು. ಅಲ್ಲಿಗೆ ನಿಂತಿತ್ತು."

ಕಂಪ್ಯೂಟರಿನ ತೆರೆಯ ಮೇಲೆ ನೀರು ಕದಲದೆ ನಿಂತಿತ್ತು. ಚೆಲುವಯ್ಯನ ಕೈ ಮೌಸಿನ ಮೇಲಿತ್ತು.

(ಒತ್ತಪ್ಪ. ಇಷ್ಟು ಹೊತ್ತು ಹೂಂಗುಟ್ಟಿದವರು ಮನೆಗೆ ಹೋಗಬೇಕು. ಕೆಟ್ಟ ಜಾಗದಲ್ಲಿ ನಿಲ್ಲಿಸಿದೆ ಎಂಬ ಮಾತು ನನಗೆ ಬರುವುದು ಬೇಡ.)

"ಒತ್ತು ಚೆಲ್ವಾ," ಎಂದಳು ವನಜಾಕ್ಷಿ. "ಫೋನು ಇಡಲ್ಲ. ಮುಗಿಯೋಗಂಟ ಇಲ್ಲಿಂದ್ಲೇ ಊಂ ಅಂತಿರ್ತೀನಿ."

ಅವನು ಮೌಸಿನಿಂದ ಕೈ ತೆಗೆದ.

"ಇಲ್ಲ ಕಣಕ್ಕ. ನೀ ಬರೋಗಂಟ ಒತ್ತಲ್ಲ."