ಹಿಂಬದಿಯ ಹಲಗೆ

ಪರದೆಯ ಹಿಂದೆ ಕೂರುವ ಕೆಲಸ ಯಾವಾಗಲೂ ಇಂಗೆಲಿಸೆಯದು. ಕಚೇರಿ ನೋಡಿಕೊಳ್ಳುವ ಅವಳಿಗೆ ಸಂಗೀತವೆಂದರೆ ಅಷ್ಟಕ್ಕಷ್ಟೆ. ರೇಡಿಯೋದ ಹವಾಮಾನ ವರದಿ ಸ್ಪಷ್ಟವಾಗಿ ಕೇಳಿಸಿದರೆ ಅವಳ ಪಾಲಿಗೆ ಅದೇ ಒಳ್ಳೆಯ ಸ್ಪೀಕರ್. ಅದಕ್ಕೇ ಅವಳನ್ನು ನಂಬಬಹುದಿತ್ತು. ಕಪ್ಪು ಬಟ್ಟೆಯ ಆಚೆ ಎರಡು ಸ್ಪೀಕರ್ ಪೆಟ್ಟಿಗೆ, ಈಚೆ ಮೂರು ಕುರ್ಚಿ, ಹಿಡಿಸಿದ್ದರ ಸಂಖ್ಯೆ ಬರೆಯಲು ಮೂರು ಚೀಟಿ. ಯಾವ ಪೆಟ್ಟಿಗೆ ಒಂದು, ಯಾವುದು ಎರಡು ಎಂದು ನಾಣ್ಯ ಚಿಮ್ಮಿ ತೀರ್ಮಾನಿಸಿ ಅವಳು ಹೆಣಿಗೆ ಹಿಡಿದು ಕೂತಳು.

ನಡುವಿನ ಕುರ್ಚಿಯಲ್ಲಿ ಗುನ್‌ವೋರ್. ಎರಡೂ ಪೆಟ್ಟಿಗೆಗಳನ್ನು ಮಾಡಿದವಳು ಅವಳೇ. ಡೆನ್ಮಾರ್ಕಿನ ಪಶ್ಚಿಮ ತೀರದ ಈ ಸಣ್ಣ ಕಾರ್ಖಾನೆಯ ಮರಗೆಲಸದ ಕೋಣೆಯಲ್ಲಿ ಅವಳು ಮೂವತ್ತೊಂದು ವರ್ಷ ಕಳೆದಿದ್ದಳು. ಒಂದು ಕಾಲಕ್ಕೆ ಅಲ್ಲಿ ಒಂಬತ್ತು ಜನ, ಈಗ ಅವಳೊಬ್ಬಳೇ. ಬಲಕ್ಕೆ ಕಂಪನಿ ಕಟ್ಟಿದ ಥೋರ್‌ಕಿಲ್, ಎಪ್ಪತ್ತು ದಾಟಿದವನು. ಎಡಕ್ಕೆ ಇಂಜಿನಿಯರ್ ಎಸ್ಬೆನ್, ಅವಳ ಅರ್ಧ ವಯಸ್ಸಿನವನು.

ಹೊಸ ಸ್ಪೀಕರಿಗೆ ಕೆಳಸ್ವರ ನುಡಿಸುವ ಯಾವ ವೂಫರ್, ಅದಕ್ಕೆ ಎಂಥ ಪೆಟ್ಟಿಗೆ? ಚಳಿಗಾಲವಿಡೀ ಇದೇ ಚರ್ಚೆ. ಗುನ್‌ವೋರ್ ಒಲಿದದ್ದು ಹತ್ತಿಂಚಿನ ವೂಫರಿನ ಅದುರುವ ಕಾಗದದ ಕೋನಿಗೆ, ಅದರ ಸಾಧಾರಣ ಆಯಸ್ಕಾಂತಕ್ಕೆ, ಗಾಳಿಯಾಡದಂತೆ ಮುಚ್ಚಿದ ದೊಡ್ಡ ಪೆಟ್ಟಿಗೆಗೆ. ಎಸ್ಬೆನ್ ಹಟ ಹಿಡಿದದ್ದು ಎಂಟಿಂಚಿನ ವೂಫರಿಗೆ. ಅದರ ಆಯಸ್ಕಾಂತ ಕೋನನ್ನು ಬಿಗಿಯಾಗಿ ಹಿಡಿದುಕೊಳ್ಳುವಷ್ಟು ಬಲವಾದದ್ದು; ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ ಬಾಸ್ ಬಡಕಲಾಗುತ್ತದೆ. ಅದಕ್ಕೆ ಕಿರಿದಾದ, ಎತ್ತರದ, ಮುಂದೆ ಕೆಳಗಡೆ ಗಾಳಿಕೊಳವೆ ಇಟ್ಟ ಪೆಟ್ಟಿಗೆ ಬೇಕು. ತೀರ ಕೆಳಗಿನ ಸ್ವರಗಳನ್ನು ಹೆಚ್ಚುಪಾಲು ಆ ಕೊಳವೆಯ ಗಾಳಿಯೇ ಹಾಡುತ್ತದೆ.

ಮುಚ್ಚಿದ ಪೆಟ್ಟಿಗೆ ಗೆದ್ದರೆ ಅದು ಗುನ್‌ವೋರಳ ಬೆಂಚಿನ ಮೇಲೇ ತಯಾರಾಗುತ್ತದೆ. ಕಿರಿದಾದದ್ದು ಗೆದ್ದರೆ ಅದರ ಬಾಗಿದ ಪಕ್ಕಗಳನ್ನು ಒತ್ತುವ ಯಂತ್ರ ಇರುವುದು ಪೋಲೆಂಡಿನಲ್ಲಿ. ಇಲ್ಲಿನ ಮರಗೆಲಸದ ಕೋಣೆಗೆ ಬೀಗ. ಥೋರ್‌ಕಿಲ್ ಮುಚ್ಚುಮರೆಯಿಲ್ಲದೆ ಹೇಳಿದ್ದ: "ಪ್ಯಾಕಿಂಗಿನಲ್ಲಿ ನಿನಗೆ ಜಾಗ ಇದ್ದೇ ಇರುತ್ತೆ ಕಣೆ." ಪ್ಯಾಕಿಂಗ್ ಅಂದರೆ ರಟ್ಟು, ಟೇಪು.

ಚೆಲ್ಲೋ ನುಡಿಯಿತು, ಚರ್ಚಿನ ಆರ್ಗನ್ ನುಡಿಯಿತು. ಮೂವರೂ ಚೀಟಿ ಬರೆದು ಮಡಚಿದರು. ಇಂಗೆಲಿಸೆ ಚೀಟಿ ಬಿಡಿಸಿ ಓದಿದಳು. ಒಂದು, ಒಂದು, ಒಂದು. ಒಂದು ಅಂದರೆ ಮುಚ್ಚಿದ ಪೆಟ್ಟಿಗೆ.

"ಪರವಾಗಿಲ್ಲ, ಅಷ್ಟೇನೂ ಕೆಟ್ಟದಾಗಿಲ್ಲ," ಅಂದ ಥೋರ್‌ಕಿಲ್. ಆ ತೀರದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಹುಟ್ಟಿಲ್ಲ.

"ನೀನೇ ನಿನ್ನ ಪೆಟ್ಟಿಗೆ ವಿರುದ್ಧ ಬರೆದ್ಯಲ್ಲೋ ಎಸ್ಬೆನ್!" ಇಂಗೆಲಿಸೆ ಪರದೆಯ ಸಂದಿಯಿಂದ ಮುಖ ಹಾಕಿ ನಕ್ಕಳು.

"ಕಿವಿಗೆ ಹೇಗೆ ಕೇಳಿಸ್ತೋ ಹಾಗೆ ಬರೆದೆ," ಎಂದ ಎಸ್ಬೆನ್. ಅವನ ಮುಖ ಮಾತ್ರ ಇಳಿದುಹೋಗಿತ್ತು.

ಮಧ್ಯಾಹ್ನ ಪೆಟ್ಟಿಗೆಗಳನ್ನು ಮರಗೆಲಸದ ಕೋಣೆಗೆ ಹೊತ್ತು ತಂದರು. ಎಸ್ಬೆನ್ ಹೋಗದೆ ಅಲ್ಲೇ ನಿಂತ.

"ಬಾಸ್ ಮೂವತ್ತು ಹರ್ಟ್ಸ್ ತನಕ ಇಳೀಬೇಕಿತ್ತು. ಎಲ್ಲೋ ನನ್ನ ಲೆಕ್ಕ ತಪ್ಪಿದೆ."

"ಅಳತೆ ಮಾಡಿದ್ಯಲ್ಲ ಮೊನ್ನೆ?" ಎಂದಳು ಗುನ್‌ವೋರ್.

"ಮಾಡಿದ್ದೆ. ಆಮೇಲೆ ತಾನೆ ಕೊಳವೆ ಎರಡು ಸೆಂಟಿಮೀಟರ್ ಕತ್ತರಿಸು ಅಂದಿದ್ದು ನಿಂಗೆ? ಕತ್ತರಿಸಿದ ಮೇಲೆ ಮಾಡಲಿಲ್ಲ."

"ಯಾಕೆ?"

"ನೀನು ಸ್ಕ್ರೂ ಬಿಗಿದ ಪೆಟ್ಟಿಗೇನ ಯಾರಾದ್ರೂ ಎರಡನೇ ಸಲ ಅಳೀತಾರೇನು?" ಅವನು ನಕ್ಕು ಹೊರಟುಹೋದ. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಗುನ್‌ವೋರ್ ಕೊಳವೆ ಕತ್ತರಿಸಲು ಹಿಂಬದಿಯ ಹಲಗೆ ಬಿಚ್ಚಿದ್ದಳು, ಮತ್ತೆ ಕೂರಿಸಿ ಎಂಟು ಸ್ಕ್ರೂ ಹಾಕಿದ್ದಳು. ಪೆಟ್ಟಿಗೆ ಮುಚ್ಚಿದ ಮೇಲೆ ಈ ಕಾರ್ಖಾನೆಯಲ್ಲಿ ಮಾಡುವ ಪರೀಕ್ಷೆ ಒಂದೇ. ಮೂರು ಬೆರಳಿನಿಂದ ಕೋನನ್ನು ಮೆಲ್ಲಗೆ ಒಳಕ್ಕೆ ಒತ್ತಿ ಐದು ಎಣಿಸಬೇಕು. ಪೆಟ್ಟಿಗೆ ಬಿಗಿಯಾಗಿದ್ದರೆ ಒಳಗಿನ ಗಾಳಿ ಐದರ ತನಕವೂ ಬೆರಳನ್ನು ಹೊರಕ್ಕೆ ನೂಕುತ್ತಲೇ ಇರುತ್ತದೆ. ಸೋರುತ್ತಿದ್ದರೆ ಎರಡಕ್ಕೋ ಮೂರಕ್ಕೋ ಆ ನೂಕು ಸತ್ತುಹೋಗುತ್ತದೆ. ಸಾವಿರಾರು ಪೆಟ್ಟಿಗೆಗೆ ಅವಳು ಹೀಗೆ ಎಣಿಸಿದ್ದಳು. ಆದರೆ ಕೊಳವೆಯಿರುವ ಪೆಟ್ಟಿಗೆಯನ್ನು ಇಲ್ಲಿ ಯಾರೂ ಮಾಡಿದ್ದೇ ಇಲ್ಲ. ಎದುರಿಗೇ ಅಂಗೈಯಗಲದ ತೂತಿರುವಾಗ ಒತ್ತಿ ನೋಡುವುದೇನು? ಅವಳು ಒತ್ತಿರಲಿಲ್ಲ.

ಒಂದು ಸ್ಪಂಜಿನ ತುಂಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಳವೆಗೆ ತುರುಕಿದಳು. ಕೋನ್ ಒತ್ತಿದಳು. ಒಂದು, ಎರಡು. ಬೆರಳಿನಡಿ ಏನೂ ಉಳಿಯಲಿಲ್ಲ.

ಮೇಣದಬತ್ತಿ ಹಚ್ಚಿ ಹಿಂಬದಿಯ ಅಂಚಿನುದ್ದಕ್ಕೂ ಹಿಡಿದು, ಇನ್ನೊಂದು ಕೈಯಿಂದ ಕೋನನ್ನು ಒತ್ತುತ್ತ ಬಂದಳು. ಕೆಳಗಿನ ಎಡಮೂಲೆಯಲ್ಲಿ ಜ್ವಾಲೆ ಬಾಗಿತು. ಒಳಗಿನ ರಬ್ಬರ್ ಪಟ್ಟಿ ಮಡಚಿಕೊಂಡಿದೆ. ಬೆಳಿಗ್ಗೆ ಬಾಸ್ ಹೋದದ್ದು ಇಲ್ಲಿಂದ.

ಬತ್ತಿ ಊದಿ ಸ್ಟೂಲಿನ ಮೇಲೆ ಕೂತಳು. ಎಸ್ಬೆನ್ ಈ ಪೆಟ್ಟಿಗೆಯನ್ನು ಇನ್ನು ಮುಟ್ಟುವುದಿಲ್ಲ. ಮುಂದಿನ ವಾರ ಇದನ್ನು ಕಡಿದು ಹಲಗೆಗಳನ್ನು ಬೇರೆ ಯಾವುದಕ್ಕೋ ಬಳಸುತ್ತಾರೆ, ಕಡಿಯುವವಳೂ ಅವಳೇ. ಅವಳು ಏನೂ ಮಾಡಬೇಕಾಗಿಯೇ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಗೋಡೆಯಲ್ಲಿ ಉಳಿಗಳು ಸಾಲಾಗಿ ತೂಗುತ್ತಿದ್ದವು. ಅವುಗಳ ಹಿಡಿಗಳೆಲ್ಲ ಅವಳ ಅಂಗೈಗೆ ತಕ್ಕಂತೆ ಸವೆದಿದ್ದವು. ಅವಳು ಅವುಗಳನ್ನು ಒಂದೊಂದಾಗಿ ನೋಡಿದಳು. ಪ್ಯಾಕಿಂಗಿನ ಟೇಪ್ ಕತ್ತರಿಸಲು ಉಳಿ ಬೇಕಾಗುವುದಿಲ್ಲ. ಇಷ್ಟು ಯೋಚಿಸಿ, ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯೆದುರು ಸೈಕಲ್ ನಿಲ್ಲಿಸಿ ತೆಂಗಿನತುರಿ, ಕಂದುಸಕ್ಕರೆ, ಅರ್ಧ ಡಜನ್ ಮೊಟ್ಟೆ ಕೊಂಡಳು.

ಮರುದಿನ ಶುಕ್ರವಾರ. ಒಂಬತ್ತು ಗಂಟೆಗೆ ಎಂದಿನಂತೆ ಬನ್ನು, ಬೆಣ್ಣೆ, ಚೀಸು, ಕಾಫಿ. ನಡುವೆ ಒಂದು ಕೇಕ್.

ಇಂಗೆಲಿಸೆ ತಟ್ಟೆ ಹಿಡಿದು ನಿಂತೇಬಿಟ್ಟಳು. ಹುಟ್ಟುಹಬ್ಬವಿಲ್ಲದ ದಿನ ಮೇಜಿನ ಮೇಲೆ ಕೇಕ್ ಬಂತೆಂದರೆ ಯಾರೋ ಕೆಲಸ ಕೆಡಿಸಿದ್ದಾರೆಂದೇ ಅರ್ಥ; ಕೆಡಿಸಿದವರು ತರಬೇಕು, ಉಳಿದವರು ತಿನ್ನಬೇಕು, ಅಲ್ಲಿಗೆ ಮುಗಿಯಿತು. ಎಸ್ಬೆನ್ ಬಂದ ನಾಲ್ಕು ವರ್ಷದಲ್ಲಿ ಹನ್ನೊಂದು ಕೇಕ್ ತಂದಿದ್ದ.

"ನಿಂದಾ ಇದು?" ಎಂದ ಥೋರ್‌ಕಿಲ್ ಎಸ್ಬೆನ್‌ನತ್ತ ತಿರುಗಿ.

"ನಂದಲ್ಲಪ್ಪ, ಈ ವಾರ ಬಚಾವ್."

"ನಂದು," ಅಂದಳು ಗುನ್‌ವೋರ್. "ಎಸ್ಬೆನ್ ಪೆಟ್ಟಿಗೆ ಸೋರ್ತಿತ್ತು. ಹಿಂಬದಿ ಹಲಗೆ ನಾನು ಸರಿಯಾಗಿ ಕೂರಿಸಿರಲಿಲ್ಲ. ನಿನ್ನೆ ಕೇಳಿದ್ದು ಲೆಕ್ಕಕ್ಕಿಲ್ಲ."

ಇಂಗೆಲಿಸೆ ಕೂತು ದೊಡ್ಡದೊಂದು ತುಂಡು ಕತ್ತರಿಸಿದಳು. "ಮೂವತ್ತೊಂದು ವರ್ಷ ಕಾಯಿಸಿದ್ದೀಯ ಮಾರಾಯ್ತಿ. ಇಷ್ಟು ಚೆನ್ನಾಗಿ ಮಾಡೋಕೆ ಬರೋದಾದ್ರೆ ಮೊದಲೇ ಒಂದೆರಡು ತಪ್ಪು ಮಾಡಬಾರದಿತ್ತಾ?"

ಥೋರ್‌ಕಿಲ್ ನಗಲಿಲ್ಲ. "ಈ ತಪ್ಪಿನಿಂದ ಲಾಭ ಆಗಿದ್ದು ನಿನಗೇ ತಾನೆ?"

"ಅದಕ್ಕೇ ಇವತ್ತೇ ಮತ್ತೆ ಕೇಳೋಣ ಅಂತಿದೀನಿ. ಒಳಗಿನ ರಬ್ಬರ್ ಪಟ್ಟಿ ಬದಲಾಯಿಸಿದ್ದೀನಿ. ಎಸ್ಬೆನ್ ಅಳೀಲಿ ಮೊದಲು."

ಎಸ್ಬೆನ್ ಅಳೆದ. ಅಳೆದವನು ಕಿವಿ ಕೆಂಪಗೆ ಮಾಡಿಕೊಂಡು ಬಂದು ಕುರ್ಚಿಯಲ್ಲಿ ಕೂತ. ಇಂಗೆಲಿಸೆ ಹೊಸದಾಗಿ ನಾಣ್ಯ ಚಿಮ್ಮಿದಳು.

ಗುನ್‌ವೋರಳಿಗೆ ನಾಣ್ಯದ ಹಂಗಿರಲಿಲ್ಲ. ತಾನು ಕಟ್ಟಿದ ಪೆಟ್ಟಿಗೆ ಚೆಲ್ಲೋದ ಎರಡು ಸ್ವರದ ನಡುವೆ ಹೇಗೆ ಸುಮ್ಮನಾಗುತ್ತದೆಂದು ಅವಳಿಗೆ ಗೊತ್ತು. ಒಂದನೆಯದು ಅದೇ: ಬಿಗಿ, ನೇರ, ಒಂದು ಮಾತೂ ಹೆಚ್ಚಿಲ್ಲ. ಎರಡನೆಯದಕ್ಕೆ ಬಂದಾಗ ಚೆಲ್ಲೋ ಅದೇ ಚೆಲ್ಲೋ. ಆರ್ಗನ್ನಿನ ಕಾಲಲ್ಲಿ ಒತ್ತುವ ಮಣೆಗಳ ತೀರ ಕೆಳಗಿನ ಸ್ವರ ಶುರುವಾಯಿತು. ಮೊದಲು ಅದು ಕೇಳಿಸಲೇ ಇಲ್ಲ, ಕೋಣೆ ಒಂದಿಷ್ಟು ದೊಡ್ಡದಾಯಿತು ಅಷ್ಟೆ. ಆಮೇಲೆ ಅವಳ ಹಿಮ್ಮಡಿಗೆ ನೆಲ ಗೊತ್ತಾಯಿತು. ಒಂದನೆಯ ಪೆಟ್ಟಿಗೆ ಈ ಸ್ವರವನ್ನು ಹೇಳಿತ್ತು. ಎರಡನೆಯದು ಅದನ್ನು ಕೋಣೆಯೊಳಗೆ ಕರೆತಂದು ಕೂರಿಸಿತ್ತು.

ಪೆನ್ಸಿಲ್ ಸ್ವಲ್ಪ ಹೊತ್ತು ಬೆರಳಲ್ಲೇ ಇತ್ತು. ಬರೆದಳು, ಮಡಚಿದಳು.

"ಎರಡು," ಓದಿದಳು ಇಂಗೆಲಿಸೆ. "ಒಂದು." ಮೂರನೆಯದನ್ನು ಬಿಡಿಸಿ ಕನ್ನಡಕ ಸರಿಪಡಿಸಿಕೊಂಡಳು. "ಎರಡು."

"ಒಂದು ಅಂತ ಬರೆದಿದ್ದು ನಾನು," ಅಂದ ಥೋರ್‌ಕಿಲ್. ಗುನ್‌ವೋರಳತ್ತ ತಿರುಗಿದ. "ಯಾವುದು ಯಾವುದು ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ?"

"ನನ್ನ ಕಿವಿ ಇನ್ನೂ ಪ್ಯಾಕಿಂಗಿಗೆ ಹೋಗಿಲ್ಲ ಕಣೋ."

ಥೋರ್‌ಕಿಲ್ ಎದ್ದು ಕಿಟಕಿಯ ಹತ್ತಿರ ಹೋಗಿ ಹೊರಗಿನ ಗಾಳಿಗೆ ಮಲಗಿದ್ದ ಹುಲ್ಲನ್ನು ನೋಡುತ್ತ ನಿಂತ. "ಸೋಮವಾರ ಪೋಲೆಂಡಿಗೆ ಫೋನ್ ಮಾಡ್ತೀನಿ," ಅಂದ ಕೊನೆಗೆ.

ಮರಗೆಲಸದ ಕೋಣೆಯಲ್ಲಿ ಗುನ್‌ವೋರ್ ತನ್ನ ಪೆಟ್ಟಿಗೆಯಿಂದ ಹತ್ತಿಂಚಿನ ವೂಫರ್ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಎಸ್ಬೆನ್ ಕೈಗಿಟ್ಟಳು.

"ಅವರಿಗೆ ನಕ್ಷೆ ಕಳಿಸುವಾಗ ಹನ್ನೆರಡು ಸ್ಕ್ರೂ ಅಂತ ಬರಿ. ಎಂಟು ಸಾಲಲ್ಲ. ಕೊಳವೆಗೆ ಬಿರಡೆ ಹಾಕಿ ಒತ್ತಿ ನೋಡಿ ಅಂತಾನೂ ಬರಿ."

"ನೀನೇ ಬರೆದುಕೊಡು, ನಾನು ಸೇರಿಸ್ತೀನಿ." ಖಾಲಿ ಓಕ್ ಪೆಟ್ಟಿಗೆಯ ಮುಖದಲ್ಲಿ ದುಂಡನೆಯ ಕತ್ತಲೆಯಿತ್ತು. "ಇದನ್ನೇನು ಮಾಡ್ತೀಯ?"

"ನಮ್ಮಣ್ಣನ ಕೊಟ್ಟಿಗೆ ಅಟ್ಟದಲ್ಲಿ ಎರಡು ವರ್ಷದಿಂದ ಒಂದು ಗೂಬೆ ಗೂಡಿಗೆ ಜಾಗ ಹುಡುಕ್ತಾ ಇದೆಯಂತೆ. ತೂತು ಸ್ವಲ್ಪ ದೊಡ್ಡದಾಯ್ತು, ಅರ್ಧ ಮುಚ್ಚಬೇಕು." ಅವಳು ಅಳತೆಪಟ್ಟಿ ತೆಗೆದು ತೂತಿನ ಮೇಲೆ ಅಡ್ಡಲಾಗಿ ಇಟ್ಟಳು. "ಆ ಹಲಗೆ ತುದಿ ಹಿಡ್ಕೋ ಬಾ."